ಹಿಂಬಾಗಿಲು

ಮಂಗಳವಾರ ಮೂರು ಗಂಟೆಗೆಂದು ಬರೆದುಕೊಟ್ಟಿದ್ದೇನೆ.
ತಲುಪುವುದು ಮೂರೂ ಹತ್ತಕ್ಕೆ, ಪ್ರತಿಸಲ,
ಅಂಕೋಲೆ ಬಸ್ಸಿನ ಮೇಲೆ ತಪ್ಪು ಹೊರಿಸಿ.

ಅಂಗನವಾಡಿಯ ಜಗಲಿ. ಮಕ್ಕಳ ಕುರ್ಚಿಗಳಲ್ಲಿ
ಮೊಣಕಾಲು ಎದೆಗೆ ತಾಗಿಸಿ ಕೂತ ಒಂಬತ್ತು ಹೆಂಗಸರು.
ನನ್ನ ಫಾರಮ್ಮಿನಲ್ಲಿ ನಿದ್ದೆ, ಹಸಿವು, ಕುಡಿತ, ಇತರೆ.
ಅವರು ಹೇಳುವುದೆಲ್ಲ ನಲ್ಲಿಯ ಬಗ್ಗೆ.
ನಲ್ಲಿಯಲ್ಲಿ ನೀರು ಬರುತ್ತಿದೆ, ನಾನೇ ನೋಡಿದ್ದೇನೆ.
"ಬತ್ತದೆ. ಆದ್ರೆ ಅದು ನೀರಲ್ಲ" ಎನ್ನುತ್ತಾಳೆ ಬುದವಂತಿ.
'ಇತರೆ'ಯಲ್ಲಿ ಒಂದು ಚುಕ್ಕೆ ಇಡುತ್ತೇನೆ.

ಕಾಲನಿಯ ನಕ್ಷೆಯಲ್ಲಿ ಎಲ್ಲ ಮನೆಗಳ ಮುಖ ರಸ್ತೆಗೆ, ಮೂಡಣಕ್ಕೆ.
ಆದರೆ ಮುಂಬಾಗಿಲಿಗೆ ಒರಗಿವೆ
ಕಟ್ಟಿಗೆ, ಕೋಳಿಗೂಡು, ಮುರಿದ ಸೈಕಲ್ಲು.
ಹಿಂಗೋಡೆ ಒಡೆದು ಪಡುವಣಕ್ಕೊಂದು ಬಾಗಿಲು
ಮೂವತ್ತೆಂಟು ಮನೆಗಳಲ್ಲೂ; ಯಾರೂ ಮಾತಾಡಿಕೊಂಡದ್ದಿಲ್ಲವಂತೆ.
ಪಡುವಣಕ್ಕೆ ಏನಿದೆ? ಒಂದು ಗುಡ್ಡ. ಗುಡ್ಡದಾಚೆ
ಬೇಲಿ. ಬೇಲಿಯಾಚೆ ಪಾಸು ಇದ್ದವರ ಕಡಲು.
"ಗಾಳಿಗೆ" ಅಂದರು, ಕೇಳಿದ್ದಕ್ಕೆ.
ಅಲ್ಲಿ ಎಲೆ ಅಲುಗಿದ್ದನ್ನು ನಾನು ಒಮ್ಮೆಯೂ ಕಾಣೆ.

ಐದನೇ ವಾರ ತುಳಸು ಎದ್ದು ನಿಂತಳು:
"ನೀನೇ ಅಲ್ಲ ಅಂದು ಟೇಪು ಹಿಡ್ಕಂಡ್ ಬಂದವ್ಳು?
ಗೋಡೆ ಮೇಲೆ ನಂಬ್ರ ಬರ್ದವ್ಳು?
ಒಳಗೆ ನಮ್ಮವ್ವಿ ಮಲಗಿತ್ತು, ಬಗ್ಗಿ ನೋಡಿದ್ಯಾ?"
ನಾನಾಗ ಮೂರನೇ ಇಯತ್ತೆ.
ಹೇಳಲು ಬಾಯಿ ತೆರೆದೆ, ಮುಚ್ಚಿದೆ.
ಕಲಿಸಿದ ಮೇಡಂ ಹೇಳುತ್ತಿದ್ದರು:
ಬೈಗುಳ ನಿನ್ನ ವಿಳಾಸಕ್ಕೆ ಬಂದದ್ದಲ್ಲ, ನಿಜ.
ಆದರೆ ವರ್ಷಗಟ್ಟಲೆ ಊರೂರು ತಿರುಗಿದ ರಿಜಿಸ್ಟರ್ ಟಪಾಲು ಅದು,
ಯಾರಾದರೂ ಸಹಿ ಹಾಕಿ ಇಸಕೊಳ್ಳಬೇಕು.

ಸಹಿ ಹಾಕಿದೆ. ಅಂದರೆ, ಸುಮ್ಮನೆ ಕೂತೆ.
ತುಳಸು ಬೈದಳು; ಆಮೇಲೆ ಬುದವಂತಿ; ಆಮೇಲೆ
ಈವರೆಗೆ ತುಟಿ ಬಿಚ್ಚದ ಸಾವಂತ್ರಿ,
ಕೊಂಕಣಿಯಲ್ಲಿ, ನನಗೆ ಅರ್ಧ ತಿಳಿಯುವಂತೆ.
ದೋಣಿಯ ಹೆಸರು ಬಂತು.
ತೆಂಗಿನ ಬುಡದಲ್ಲಿ ಹುಗಿದ ಕೂಸು ಬಂತು,
ಆ ತೆಂಗು ಈಗ ಯಾರ ಲೆಕ್ಕದಲ್ಲಿ?
ನಲ್ಲಿಯ ಮಾತು ಯಾರೂ ಎತ್ತಲಿಲ್ಲ.
ಕೊನೆಗೆ ಒಬ್ಬಳು ಚಹ ತಂದಳು, ಸಕ್ಕರೆ ಹೆಚ್ಚಾಗಿತ್ತು.

ಮರಳುವಾಗ ಕಂಡಕ್ಟರನ ಮೇಲೆ ರೇಗಿದೆ,
ಎರಡು ರೂಪಾಯಿ ಚಿಲ್ಲರೆಗೆ.
ಅರಗಾದ ಗೇಟು ಬಂದಾಗ ಮೊಬೈಲು ನೋಡುವವಳು
ಅಂದು ತಲೆಯೆತ್ತಿದೆ.
ಹದಿನೆಂಟು ವರ್ಷ ಅಪ್ಪ ಆ ಗೇಟಿನೊಳಗೆ ಸ್ಟೋರ್‌ಕೀಪರು.
ನನ್ನ ಕಾಲೇಜು ಫೀಸು, ಈ ಕೊರಳ ಸರ,
ಹೆಂಗಸರ ಮಾತು ಕೇಳಲು ಕಲಿತ ಈ ಕಿವಿ.

ಹೇಳಬೇಕೆ? ಹೇಳಿದರೆ ಅದು ಅವರಿಗೋ, ನನಗೋ?
ಕೇಳೋಣವೆಂದರೆ ಮೇಡಂ ಈಗಿಲ್ಲ.
ತುಳಸು ಈ ವಾರ ಮನೆಗೇ ಬಾ ಅಂದಿದ್ದಾಳೆ.
ಮೂರಕ್ಕೆ ಇನ್ನೂ ಐದು ನಿಮಿಷ.
ರಸ್ತೆಯ ಬಾಗಿಲಿಗೆ ಕಟ್ಟಿಗೆ ಅಡ್ಡ;
ಬಚ್ಚಲ ನೀರು ದಾಟಿ, ಚಪ್ಪಲಿ ಕೈಯಲ್ಲಿ ಹಿಡಿದು
ಸುತ್ತಿ ಹೋಗುತ್ತಿದ್ದೇನೆ.