ಏಣಿಯ ಮೇಲಿನ ಹೆಸರು

ಟಾಡ್‌ಮೊರ್ಡನ್ನಿನ ಮಾರುಕಟ್ಟೆ ಮುಚ್ಚಿದ ಮೇಲೆ
ಚೀಸ್ ಮಾರುವವಳ ಮಳಿಗೆಯ ಹಿಂದಿನ ಕೋಣೆಯಲ್ಲಿ
ನಾವು ಮೂವರು, ಒಂದು ಲ್ಯಾಪ್‌ಟಾಪ್,
ಲೈಸೆನ್ಸ್ ಎಂಬ ಹೆಸರಿನ ಒಂದು ಖಾಲಿ ಫೈಲು.

ಹೊರಗೆ ಕಾಲ್ಡರ್ ಹೊಳೆ. ಎಪ್ಪತ್ತೊಂದು ಸೆಂಟಿಮೀಟರು,
ಅಂದಿತು ನಮ್ಮ ಪ್ರೋಗ್ರಾಮು. ಹೆದರುವಂಥದ್ದೇನಲ್ಲ.
ಸೇತುವೆಯಡಿಯ ಅಳತೆಗೋಲು ಓದುವುದು,
ಮಿತಿ ಮೀರಿದರೆ ಸೈರನ್ ಕೂಗಿಸುವುದು,
ಇಷ್ಟೇ ಅದರ ಕಸುಬು. ಆರು ವರ್ಷ ಬರೆದೆವು,
ಏನೂ ಹೇಳದೆ ಬಯಲಲ್ಲಿಟ್ಟೆವು.
ಬಯಲಲ್ಲಿಟ್ಟದ್ದು ಎಲ್ಲರದೂ ಅಂದುಕೊಂಡಿದ್ದೆ ನಾನು.
ಅಲ್ಲವಂತೆ. ಮೌನವೇ ಸಮ್ಮತಿ ಅನ್ನುವುದು
ಮದುವೆ ಮನೆಗೆ ಸರಿ;
ಕಾನೂನಿನಲ್ಲಿ ಮೌನಕ್ಕೆ ಅರ್ಥ, ಮುಟ್ಟಬೇಡ.

ಹಾಗಾಗಿ ಎರಡು ಪತ್ರ ಬಂದಿವೆ ಅಪ್ಪಣೆ ಕೇಳಿ.
ಒಂದು ಕಂಬ್ರಿಯಾದ ಪುಟ್ಟ ಕೌನ್ಸಿಲಿನದು:
ಷರತ್ತು ಹಾಕಬೇಡಿ, ಷರತ್ತು ಕಂಡರೆ ನಮ್ಮ ವಕೀಲರು
ಕಡತವನ್ನೇ ಮುಚ್ಚುತ್ತಾರೆ, ನಮ್ಮ ಹೊಳೆ ಕಾಯುವುದಿಲ್ಲ.
ಇನ್ನೊಂದು ಲೀಡ್ಸಿನ ವಿಮಾ ಕಂಪನಿಯದು, ದಪ್ಪ ಕಾಗದ.
ಆ ಡಿಸೆಂಬರಿನ ನೆರೆ ಇಳಿದ ಮೇಲೆ
ಮೇವಿಸಳ ಮನೆಗೆ ಪಾಲಿಸಿ ಕೊಡೆವು ಅಂದಿತ್ತಲ್ಲ, ಅದೇ.

"ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ," ಅಂದೆ.
ಇಬ್ಬರೂ ನನ್ನ ಮುಖ ನೋಡಿದರು.
ಬಿಡಿಸಿ ಹೇಳುವಷ್ಟರಲ್ಲಿ ಚಹಾ ಆರಿತು.

ತಾರಿಕ್ ಹ್ಯಾಲಿಫ್ಯಾಕ್ಸಿನವನು, ಬಸ್ ಡಿಪೋದಲ್ಲಿ ಕೆಲಸ.
ಅವನದು ಸಡಿಲ ಪಕ್ಷ: ಕೊಟ್ಟಮೇಲೆ ಕೊಟ್ಟಾಯಿತು.
ನಮ್ಮ ಹೆಸರೊಂದು ಉಳಿಸಿಕೊಂಡರೆ ಸಾಕು.
ಬೀಗ ಹಾಕಿ ಮಾರಿಕೊಂಡರೂ
ನಮ್ಮ ಪ್ರತಿ ನಮ್ಮಲ್ಲೇ ಇರುತ್ತದಲ್ಲ?

ನನ್ನದು ಹೆಪ್ಪಿನ ಪಕ್ಷ.
ಪಕ್ಕದ ಮನೆಯಿಂದ ಹೆಪ್ಪು ತಂದವಳು
ನಾಳೆ ಬಟ್ಟಲು ಹಿಡಿದು ಬಂದವಳಿಗೆ
ಇಲ್ಲವೆನ್ನಬಾರದು. ಮೊಸರು ಮಾರಿಕೊ, ಮಜ್ಜಿಗೆ ಮಾಡಿಕೊ,
ಹೆಪ್ಪನ್ನು ಮಾತ್ರ ಬಚ್ಚಿಡಬೇಡ.

"ಆ ಕಂಪನಿ ಮೊಸರನ್ನು ಮನೆಯಾಚೆ ಕೊಡುವುದೇ ಇಲ್ಲವಲ್ಲ,"
ತಾರಿಕ್ ನಕ್ಕ. "ತಮ್ಮ ಸರ್ವರಿನಲ್ಲೇ ಓಡಿಸಿ,
ಪ್ರೀಮಿಯಂ ಏರಿಸಿ, ತಾವೇ ಉಣ್ಣುತ್ತಾರೆ.
ನಿಮ್ಮ ಗಂಟು ಹೊಸಿಲು ದಾಟಿದ ಮೇಲೆ ತಾನೆ ಬಿಗಿಯುವುದು?"
ಅದಕ್ಕಿಂತ ಬಿಗಿಯಾದ ಗಂಟೂ ಇದೆ, ಅಂದೆ.
"ಇದೆ. ಅದನ್ನು ಕಂಡರೆ
ಕಂಬ್ರಿಯಾದ ವಕೀಲ ಸತ್ತೇಹೋದಾನು."

ಆಮೇಲೆ ಇನ್ನೊಂದು ತೊಡಕು. ನಲವತ್ತು ಸಾಲು ಕ್ಲಿಫರ್ಡನವು,
ಸುಳ್ಳೇ ಸೈರನ್ ಕೂಗದಂತೆ ತಡೆಯುವ ಸಾಲುಗಳು.
ಹೋದ ಮಾರ್ಚಿನಲ್ಲಿ ತೀರಿಕೊಂಡ.
ಬರೆದವರೆಲ್ಲರ ಒಪ್ಪಿಗೆ ಬೇಕು; ಅವನ ಪಾಲಿನದು
ಹೆಂಡತಿ ಮೇವಿಸಳ ಕೈಯಲ್ಲಿ. ಅವಳೋ ಇಡೀ ಸಂಜೆ
ಬಿಸ್ಕತ್ತು ಅದ್ದುತ್ತ ಕೂತಿದ್ದಾಳೆ.

"ಅವನದೊಂದು ಏಣಿಯಿತ್ತು," ಎಂದಳು ಕೊನೆಗೆ.
"ಕೆಂಪು ಬಣ್ಣದಲ್ಲಿ ಹೆಸರು ಬರೆದು ಊರಿಗೆಲ್ಲ ಕೊಡುತ್ತಿದ್ದ.
ಒಂದು ಸಲ ಎಂಟು ತಿಂಗಳು ಬರಲೇ ಇಲ್ಲ. ಬೈದೆ.
ಬಂದಾಗ ನೋಡಿದರೆ
ಮುರಿದಿದ್ದ ನಾಲ್ಕನೇ ಮೆಟ್ಟಿಲಿಗೆ ಹೊಸ ಮರ.
ಯಾರು ಹಾಕಿದರೋ ಇವತ್ತಿಗೂ ಗೊತ್ತಿಲ್ಲ.
ಹಾಕೆಂದು ಯಾರೂ ಹೇಳಿರಲಿಲ್ಲ."

ತಾರಿಕ್ ಗೆದ್ದವನಂತೆ ನನ್ನತ್ತ ನೋಡಿದ.

"ಆದರೆ," ಮೇವಿಸ್ ಬಿಸ್ಕತ್ತು ಕೆಳಗಿಟ್ಟಳು,
"ಚ್ಯಾಪೆಲ್ಲಿನ ಗಂಟೆಯ ಕೋಣೆಗೆ ಬೀಗ ಹಾಕಲು ಬಂದಾಗ
ಬಾಗಿಲಿಗೆ ಅಡ್ಡ ನಿಂತವನೂ ಅವನೇ.
ಅಳೆಯುವವರು ಅಳೆಯಲಿ, ಹೊಳೆ ಯಾರಪ್ಪನದೂ ಅಲ್ಲ.
ಕೂಗುವುದಕ್ಕೆ ಮಾತ್ರ ಬೀಗ ಬೀಳಬಾರದು."

ಹಾಗೆ ಒಂದನ್ನು ಎರಡು ಮಾಡಿದೆವು:
ಅಳತೆಯ ಭಾಗ ಸಡಿಲ, ಸೈರನ್ನಿನ ಭಾಗಕ್ಕೆ ಗಂಟು.
ಸರಿಯೋ ತಪ್ಪೋ. ವಿಮೆಯವರಿಗೆ ಬೇಕಾದದ್ದು ಅಳತೆಯೇ,
ಅದು ನನಗೆ ಹೊಳೆದದ್ದು
ಫೈಲು ಉಳಿಸಿ ಲ್ಯಾಪ್‌ಟಾಪ್ ಮಡಚಿದ ಮೇಲೆ.

ಹತ್ತೂಕಾಲರ ರೈಲಿಗೆ ಕಾಯುತ್ತ ನಿಂತೆ. ಸ್ಟೇಷನ್ನಿನಲ್ಲಿ
ಊರವರು ನೆಟ್ಟ ಪುದೀನ, ರೋಸ್‌ಮೆರಿ; ಮರದ ಪೆಟ್ಟಿಗೆಯ ಮೇಲೆ
ಬೇಕಾದಷ್ಟು ಕಿತ್ತುಕೊಳ್ಳಿ ಎಂಬ ಬರಹ.
ಷರತ್ತಿಲ್ಲ. ಆದರೂ ಕೀಳುವ ಮುನ್ನ
ಅತ್ತಿತ್ತ ನೋಡಿದೆ.
ಮೂರೇ ಎಲೆ ಕಿತ್ತೆ.

ಫೋನಿನಲ್ಲಿ ಹೊಳೆ: ಎಪ್ಪತ್ತಮೂರು.