ಉಕ್ತಲೇಖನ

ಮಂಡಕ್ಕಿ ಭಟ್ಟಿಯ ಹೊಗೆ ಹತ್ತು ಗಂಟೆಗೆಲ್ಲ
ನಮ್ಮ ಶಾಲೆಯ ಕಿಟಕಿಗೆ ಬಂದು ನಿಲ್ಲುತ್ತದೆ,
ಹಾಜರಿ ಕೂಗಿದ್ದು ಕೇಳಿಸಿದ ಹಾಗೆ.
ಕಂಪ್ಯೂಟರು ಹನ್ನೊಂದು, ನಡೆಯುವವು ನಾಲ್ಕು.
ಕೀಲಿಗಳ ಸಂದಿನಲ್ಲಿ ಕೂತ ಹೊಟ್ಟಿನ ಬೂದಿಯನ್ನು
ಹಳೇ ಬನಿಯನ್ನಿನ ತುಂಡಿನಿಂದ ಒರೆಸುವುದು
ಏಳನೇ ತರಗತಿಯ ಪಾಳಿ.

ಆವತ್ತು ಬೋರ್ಡಿನ ಮೇಲೆ ದಪ್ಪಗೆ ಬರೆದೆ:
ಫೋನಿಗೆ ಬಂದ ಅಂಕಿ ಯಾರಿಗೂ ಹೇಳಬಾರದು.
'ಯಾರಿಗೂ' ಕೆಳಗೆ ಎರಡು ಗೆರೆ.
ಮೂವತ್ತೆಂಟು ಬಾಯಿ ಒಟ್ಟಿಗೆ ಓದಿದವು,
ಮಗ್ಗಿ ಒಪ್ಪಿಸುವ ಅದೇ ರಾಗದಲ್ಲಿ.

ರುಖಯ್ಯಾ ಎದ್ದಳು. ಅವಳು ಎದ್ದರೆ ಕೂರುವುದು ತಡ.
"ಹೇಳ್ಲಿಲ್ಲ ಅಂದ್ರೆ ಸಿಲಿಂಡರ್ ಇಳಿಸಲ್ಲ ಮಿಸ್.
ಅಮ್ಮಿ ಭಟ್ಟೀಲಿರ್ತಾಳೆ, ಫೋನು ನನ್ನ ಹತ್ರ.
ಗ್ಯಾಸಣ್ಣ ಬಾಗ್ಲಲ್ಲಿ ನಿಂತು ನಾಲ್ಕು ನಂಬರ್ ಕೇಳ್ತಾನೆ.
ಹೇಳ್ಲೋ ಬ್ಯಾಡ್ವೋ?"

ಎರಡು ದಿನದ ತರಬೇತಿಯಲ್ಲಿ ಉಪ್ಪಿಟ್ಟಿತ್ತು,
ಬಣ್ಣದ ಕೈಪಿಡಿಯಿತ್ತು.
ಸಿಲಿಂಡರ್ ಇರಲಿಲ್ಲ.
ಡಸ್ಟರ್ ತೆಗೆದು 'ಯಾರಿಗೂ' ಅಳಿಸಿದೆ,
ಅಲ್ಲಿ ಏನು ಬರೆಯಬೇಕೋ ತಿಳಿಯದೆ
ಅವಳನ್ನೇ ಕೇಳಿದೆ: ಕರೆದದ್ದು ಯಾರು, ನೀನೋ ಅವನೋ?
ಕೇಳುವವನ ಮುಖ ಕಾಣುತ್ತದೋ?
ಅವಸರ ಯಾರಿಗೆ?
ಗಂಟೆ ಹೊಡೆಯಿತು. ಕರೆಂಟೂ ಹೋಯಿತು.
ಯುಪಿಎಸ್ ಹಸಿದ ಕೋಳಿಮರಿಯಂತೆ ಕೂಗತೊಡಗಿತು.

ನನ್ನದೊಂದು ಮಾತು ಗಂಟಲಲ್ಲೇ ಉಳಿಯಿತು.
ಹೋದ ಶ್ರಾವಣದಲ್ಲಿ 'ಬ್ಯಾಂಕಿನಿಂದ' ಒಂದು ದನಿ,
ಅಕ್ಕಾ ಎಂದ, ಎರಡು ಸಲ ಕ್ಷಮಿಸಿ ಎಂದ.
ಆರು ಅಂಕಿಯನ್ನು ನಾನು ನಿಧಾನಕ್ಕೆ, ಬಿಡಿಸಿ ಬಿಡಿಸಿ
ಉಕ್ತಲೇಖನ ಕೊಡುವ ಹಾಗೆ ಹೇಳಿದೆ.
ಅವನಿಗೆ ಒಂದೂ ತಪ್ಪಲಿಲ್ಲ.
ಮನೆಯಲ್ಲಿ ಇನ್ನೂ ಗೊತ್ತಿಲ್ಲ.

ಸೋಮವಾರ ಗೇಟಿನ ಬಳಿ ಕೊಟ್ರೇಶಿಯ ಅಪ್ಪ,
ಗ್ಯಾಸ್ ಏಜೆನ್ಸಿಯ ಅಂಗಿ, ಹೆಗಲಲ್ಲಿ ತುಕ್ಕಿನ ಕಲೆ.
"ಏನ್ ಕಲ್ಸೀರಿ ಮೇಡಂ? ಸಿಲಿಂಡರ್ ಹೊತ್ಕಂಡು ನಿಂತೀನಿ,
ಆ ಹುಡುಗಿ ಚಿಲಕ ತೆಗೆಯಂಗಿಲ್ಲ!
ಬುಕ್ಕಿಂಗ್ ಯಾರ ಹೆಸ್ರಾಗೈತಿ ಹೇಳು ಅಂತಾಳೆ,
ಬಿಲ್ಲು ಕಿಟಕೀಲಿ ತೋರ್ಸು ಅಂತಾಳೆ.
ವರ್ಷಗಟ್ಲೆ ನೋಡಿದ ಮಕ ನಂದು!"
ನಾನು ನಗು ತಡೆದೆ. ಅವನಿಗೆ ತಡೆಯಲಾಗಲಿಲ್ಲ.

ಬೈದು ಮುಗಿದ ಮೇಲೂ ಹೋಗಲಿಲ್ಲ.
ಕೈಯನ್ನು ಅಂಗಿಗೆ ಒರೆಸಿಕೊಂಡ, ಫೋನು ತೆಗೆದ.
ಒಡೆದ ಗಾಜಿನಡಿ ಇಂಗ್ಲಿಷಿನ ಮೂರು ಸಾಲು.
"ನಿನ್ನೆ ರಾತ್ರಿ ಬಂತು. ಇದೊಂಚೂರು ನೋಡ್ರಿ.
ಹುಡುಗನಿಗೆ ಗೊತ್ತಾಗೋದು ಬ್ಯಾಡ."

ಒಂಬತ್ತು ಸಾವಿರದ ನಾನೂರು.

ಹೊಂಗೆಯ ನೆರಳಿಗೆ ಕರೆದು ಹೇಳಿದೆ, ಒತ್ತಿ:
ಒಂದು.
ಒಂಬತ್ತು.
ಮೂರು.
ಸೊನ್ನೆ.
ಹೆಬ್ಬೆರಳು ದಪ್ಪ, ಎರಡು ಸಲ ತಪ್ಪಿದ.
ಮತ್ತೆ ಮೊದಲಿಂದ ಹೇಳಿದೆ, ಒಂದೊಂದೇ.
ಶ್ರಾವಣದಲ್ಲಿ ನಾನು ಒತ್ತದೆ ಬಿಟ್ಟವು.