ಅರವತ್ತಕ್ಕೆ ಒಂದು

ನಾ ರಿಟೈರ್ ಆದ ದಿನ ಟೂಲ್‌ರೂಮಿನ ಹುಡುಗರು
ಶಾಲು ಹೊಚ್ಚಲಿಲ್ಲ, ಗ್ವಾಡಿ ಗಡಿಯಾರ ಕೊಡಲಿಲ್ಲ.
ಅಶ್ಪಾಕ ಮುಲ್ಲಾ ಒಂದು ಡಬ್ಬಿ ತಂದಿಟ್ಟ,
ತಲಿದಿಂಬಿಗಿಂತ ದೊಡ್ಡದು.
ಮ್ಯಾಲ ಬಿಳಿ ರೋಬೋಟ್, ಬೆನ್ನಿಗೆ ರೆಕ್ಕಿ,
ಮೂಲ್ಯಾಗ ಸಣ್ಣಗ: ೧/೬೦.
"ಅರವತ್ತಕ್ಕ ತೆಗೀರಿ ಸರ್," ಅಂದ.

ಎರಡು ವರ್ಷ ತಿಜೋರಿ ಮ್ಯಾಲ ಕುಂತಿತ್ತು,
ಗಣಪ್ಪನ ಮಂಟಪದ ಥರ್ಮಾಕೋಲಿನ ಬಾಜೂಕ.
ಮೊನ್ನೆ ಅರವತ್ತು ತುಂಬಿತು. ತೆಗೆದೆ.
ಅರಳು ಮರಳು ಅಂತ ಅನಗೋಳದ ಓಣಿ ಅನ್ನಲಿ.

ರನ್ನರ್ ಹದಿನೇಳು, ಭಾಗ ಐದುನೂರಾ ಚಿಲ್ಲರೆ.
ಪುಸ್ತಕ ಜಪಾನಿ. ಇರಲಿ,
ಡ್ರಾಯಿಂಗಿಗೆ ಯಾವ ಊರಿನ ಭಾಷೆ?
ಕನ್ನಡಕ ಒರೆಸಿಕೊಂಡು ನಿಪ್ಪರ್ ಹಿಡದು
ಗೇಟಿನ ಹತ್ರ ಕೂದಲೆಳಿ ಬಿಟ್ಟು ಕತ್ತರಿಸಿದೆ,
ಆಮ್ಯಾಲ ಬ್ಲೇಡು, ನಾನೂರರ ಕಾಗದ, ಎಂಟುನೂರರದ್ದು.
ಇತ್ತ ಮೂರನೇ ಗೇಟಿನಾಗ ರೈಲು ಹಾಯ್ದರ
ಮೇಜು ನಡುಗಿ ಕಿವಿಯಷ್ಟು ಭಾಗ ಉರುಳಿ ಹೋಗತಿದ್ದವು,
ಕಸಬರಿಗಿ ಹಿಡದು ಹುಡುಕಿದೆ.
ಚಟ್ ಅಂತ ಒಂದರಾಗೊಂದು ಕುಂತಾಗ
ಮೂವತ್ತೇಳು ವರ್ಷ ಉದ್ಯಮಬಾಗದಾಗ ಕಿವಿಗೊಟ್ಟ ಸಪ್ಪಳ
ಅಡಗಿ ಮನ್ಯಾಗ ಸಿಕ್ಕಿತು.

ಚಂಪಾ ಭಾಂಡೆ ತಿಕ್ಕುತ್ತ ಕೇಳಿದಳು:
"ನಳ ಬಂದಾಗ ಎರಡು ಕೊಡ ಎತ್ತತೈತೇನು ಇದು?"
ಮೊಣಕೈ ಬಗ್ಗಿಸಿ ತೋರಿಸಿದೆ.
"ನಿಮ್ಮದಕ್ಕಿಂತ ಚಲೋ ಬಗ್ಗತೈತಿ," ಅಂದಳು.

ಚಾಳಿ ಬಿಡಂಗಿಲ್ಲ. ಹಳೆ ಇನ್ಸ್‌ಪೆಕ್ಷನ್ ರಜಿಸ್ಟರಿನ
ಉಳಿದ ಹಾಳ್ಯಾಗ ಬರಕೊಂಡೆ:
ಫ್ಲ್ಯಾಶ್ ಇಲ್ಲ.
ಜೋಡಣಿ ಗೆರಿ ಮೀನಗಂಡದ ಮ್ಯಾಲ ಕಾಣತೈತಿ, ಮುಚ್ಚಬಹುದಿತ್ತು.
ಎಡ ತೊಡಿ ಒಳಗ ತಗ್ಗು; ಅಚ್ಚು ತಂಪಾಗಾಕ
ಎರಡು ಸೆಕೆಂಡು ಕಡಿಮಿ ಕೊಟ್ಟಾರ, ಯಾರಿಗೋ ಅವಸರ ಇತ್ತು.
ಬಿಳಿ ಅಂದ್ರ ಎರಡು ಬಿಳಿ, ಒಂದು ಹಾಲು, ಒಂದು ಮಜ್ಜಿಗಿ.
ಸೊಂಟ ಸಡಿಲ, ರೆಕ್ಕಿ ಭಾರ ತಾಳಂಗಿಲ್ಲ.
ಬೆರಳು ಹತ್ತೂ ಬ್ಯಾರೆ ಬ್ಯಾರೆ ಮಡಚತಾವ.
ಇದನ್ನ ಬರಿಯೂಮುಂದ ನಾ ಎದ್ದು ನಿಂತಿದ್ದೆ.

ಡಬ್ಬಿ ತಳದಾಗ ಒಬ್ಬ ಮನಿಷಾ ಇದ್ದ, ಇದನ್ನ ನಡೆಸಾಂವ,
ಎರಡೂ ಮುಕ್ಕಾಲು ಸೆಂಟಿಮೀಟರ್. ಮಾರಿ ಇಲ್ಲ.
ನನ್ನ ಎತ್ತರ ಅರವತ್ತರಿಂದ ಭಾಗಿಸಿದೆ, ಅಷ್ಟ ಬಂತು.
ವಯಸ್ಸು ಭಾಗಿಸಿದೆ: ಒಂದು ವರ್ಷ.
ಯಾವ ವರ್ಷ ಇಟಕೋಬೇಕು?

ಒಂಬತ್ತನೇ ರಾತ್ರಿ ಎದಿ ಕವಚದ ಪಾಳಿ.
ಹೊಳ್ಳಿಸಿ ನೋಡಿದೆ. ಒಳಮೈಯಾಗ, ದೀಪ ಕೂಡುವ ಜಾಗದ ಹಿಂದ
ಒಂದು ಉಬ್ಬು ಗೆರಿ,
ಕೂದಲಿಗಿಂತ ಸಣ್ಣದು, ಅಡ್ಡ, ತುದಿಗೆ ಕೊಂಕು.
ಡ್ರಾಯಿಂಗಿನಾಗ ಇಲ್ಲ.
ಇದು ಪ್ಲಾಸ್ಟಿಕ್ಕಿನ ತಪ್ಪಲ್ಲ, ಉಕ್ಕಿನದು.
ಅಲ್ಲಿ ಯಾರದೋ ಕಾನಸು ಜಾರೇತಿ.

ತೊಂಬತ್ತೊಂದರಾಗ ನನ್ನದೂ ಜಾರಿತ್ತು.
ಸ್ವಿಚ್ ಬಾಕ್ಸಿನ ಅಚ್ಚು, ರಾತ್ರಿ ಪಾಳಿ,
ಮನ್ಯಾಗ ಮಗಳಿಗೆ ಜ್ವರ.
ಪೋತದಾರ ಸಾಹೇಬ್ರು ಬ್ಯಾಟರಿ ಬಿಟ್ಟು ನೋಡಿ
"ಒಳಗಿನ ಮಗ್ಗಲಾ ಅಲ್ಲ? ಇರಲಿ ಬಿಡು," ಅಂದ್ರು.
ಹನ್ನೊಂದು ಲಕ್ಷ ಡಬ್ಬಿ ಆ ಗೀರಿನ ಸಮೇತ ಹೊಂಟು ಹೋದವು,
ಗೋಕಾಕಕ್ಕ, ಸಾಂಗ್ಲಿಗೆ, ನಾ ನೋಡದ ಊರಿಗೆ.
ಯಾವ್ಯಾವ ಗ್ವಾಡಿಯೊಳಗ ಸಿಮೆಂಟಿನ ಹಿಂದ ನಾ ಕುಂತೀನೋ,
ದೀಪ ಹಚ್ಚಾವ್ರಿಗೆ ಗೊತ್ತಿಲ್ಲ.

ಉಗುರಿನಿಂದ ಮುಟ್ಟಿದೆ.
ಎಂಟುನೂರರ ಕಾಗದ ಇನ್ನೊಂದು ಕೈಯಾಗ ಇತ್ತು,
ಎರಡು ಸಲ ಎಳದಿದ್ರ ಹೋಗತಿತ್ತು.
ಕವಚ ಮುಚ್ಚಿದೆ. ಚಟ್.
ರಜಿಸ್ಟರಿನಾಗ "ಇತರೆ ದೋಷ" ಖಾಲಿ ಐತಿ.

ಈಗ ಅದು ಸ್ಟೆಬಿಲೈಜರಿಗೆ ಆತು ನಿಂತೈತಿ.
ಮಾರಿ ಇಲ್ಲದಾಂವ ಎದಿಯಾಗ ಕುಂತಾನ,
ಮುಂದ ಕತ್ತಲು, ಕತ್ತಲಾಗ ಆ ಗೆರಿ.
ನಿನ್ನೆ ಅಶ್ಪಾಕನ ಫೋನು:
"ಹೆಂಗೈತ್ರಿ ಸರ್, ಪಾಸೋ ಫೇಲೋ?"
"ಸೊಂಟ ಸಡಿಲ ಐತೋ," ಅಂದೆ.
"ಮತ್ತ?"
"ಮತ್ತಿಂದು ಫೋನಿನಾಗ ಹೇಳೂದಲ್ಲ, ಬಾ.
ಬರೂಮುಂದ ಆರು ಎಂಎಂ ವಾಶರ್ ಒಂದು ತಾ."